ಡೈರಿ ಅಂಗಳದ ಸಭೆ

ಸುರೇಂದ್ರ ಮಚ್ಚು ಎತ್ತಿದಾಗ ನಾಗವೇಣಿ ಅವನಿಗೂ ಪಕ್ಕದೂರಿನ ಚಲಪತಿಗೂ ನಡುವೆ ನಿಂತಿದ್ದಳು. ಸಾನಮಾವು ಕಾಡಂಚಿನ ಈ ಎರಡೂ ಊರಿನವರನ್ನು ಹಾಲಿನ ಡೈರಿ ಅಂಗಳದಲ್ಲಿ ಮಾತಿಗೆ ಕೂರಿಸಿದವಳು ಅವಳೇ. ಊರೂರಿನ ಜಗಳ ಬಿಡಿಸುವ ಕೆಲಸಕ್ಕೆಂದು ಫೆಲೋಶಿಪ್ ಸಿಕ್ಕಿ, ತರಬೇತಿ ಮುಗಿಸಿ ಬಂದ ಮೇಲೆ ಇದೇ ಅವಳ ಮೊದಲ ಸಭೆ.

"ಇವ್ರು ಪಟಾಕಿ ಹೊಡ್ದು ಆನೇನ ನಮ್ ಹೊಲಕ್ಕೆ ಅಟ್ಟಿದ್ರು. ನಮ್ಮಪ್ಪನ್ನ ತುಳಿದಾಕ್ಬುಡ್ತು. ದಾರಿ ಬಿಡು ನಾಗವೇಣಿ!" ಸುರೇಂದ್ರನ ಬಾಯಲ್ಲಿ ನೊರೆ ಬಂದಿತ್ತು. ಬೆನ್ನ ಹಿಂದೆ ಚಲಪತಿಯ ಏದುಸಿರು ಅವಳ ಕತ್ತಿಗೆ ತಾಗುತ್ತಿತ್ತು. ತರಬೇತಿಯಲ್ಲಿ ಕಲಿತದ್ದು ಒಂದೂ ನೆನಪಿಗೆ ಬರಲಿಲ್ಲ. ಓಡಿಹೋಗೋಣವೆಂದರೆ ಕಾಲೇ ಏಳಲಿಲ್ಲ.

"ನಂಗೆ ಭಯ ಆಗ್ತೈತೆ ಕಣ್ಲಾ," ಎಂದುಬಿಟ್ಟಳು.

ಆಗ ಅವಳ ಹಿಂದಿನಿಂದ ಚಲಪತಿ ಮೆಲ್ಲಗೆ ಹೇಳಿದ: "ಅವತ್ತು ನಾವೂ ಹೆದರ್ಕೊಂಡಿದ್ವಿ ಕಣಪ್ಪ. ಆನೆ ಬಾಗ್ಲಿಗೇ ಬಂದಿತ್ತು, ಒಳಗೆ ಮಕ್ಳಿದ್ರು. ನಿಮ್ಮಪ್ಪ ಹೊಲದಾಗವ್ನೆ ಅಂತ ಗೊತ್ತಿರ್ಲಿಲ್ಲ."

ಈ ಮಾತಿಗೆ ಮಚ್ಚು ಬಿದ್ದೇಬಿಡುತ್ತದೆಂದು ನಾಗವೇಣಿ ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ, ಎತ್ತಿದ ಕೈ ಎತ್ತಿದಂತೆಯೇ ಇತ್ತು. ಸುರೇಂದ್ರ ಅವಳ ಹೆಗಲ ಮೇಲಿಂದ ಚಲಪತಿಯ ಮುಖವನ್ನೇ ನೋಡುತ್ತಿದ್ದ.

"ನಮ್ಮಪ್ಪ ಕೂಗಿದ್ದು," ಎಂದು ಅವನು ಕೇಳಿದ, "ನಿಮ್ಗೆ ಕೇಳಿಸ್ತಾ?"