ಸಕ್ಕರೆ ಕೂಟದ ಪ್ರಾರ್ಥನೆ

ಚರ್ಚಿನ ಸಕ್ಕರೆ ಕಾಯಿಲೆಯವರೆಲ್ಲ ಸೇರಿ, ಒಬ್ಬರಿಗೊಬ್ಬರು ಆಸರೆಯಾಗಿ ಸಿಹಿ ಬಿಡೋಣವೆಂದು ಕೂಟವೊಂದನ್ನು ಕಟ್ಟಿಕೊಂಡಿದ್ದರು. ಹೊಸದಾಗಿ ಸೇರಿದ ಜಯವಂತನಿಗೆ ಅಲ್ಲಿನ ರೀತಿರಿವಾಜು ಬೇಗ ಅರ್ಥವಾಯಿತು. ಕಣ್ಣು ಬಿಟ್ಟುಕೊಂಡು ಯಾರೂ ಯಾರ ಮೇಲೂ ಚಾಡಿ ಹೇಳುತ್ತಿರಲಿಲ್ಲ, ಅದು ಪಾಪ. ಕಣ್ಣು ಮುಚ್ಚಿಕೊಂಡು ದೇವರಿಗೆ ಹೇಳುತ್ತಿದ್ದರು, ಎಲ್ಲರಿಗೂ ಕೇಳುವ ಹಾಗೆ.

“ಕರ್ತನೇ, ನಮ್ಮ ಸಹೋದರ ಜಯವಂತ ನಿನ್ನೆ ಸಂಜೆ ಸರ್ಕಲ್ ಬೇಕರಿ ಮೆಟ್ಟಿಲು ಹತ್ತಿದ್ದನ್ನ ನೀನು ನೋಡಿದ್ದೀಯ,” ಎಂದು ಕರುಣಾಮಣಿಯಮ್ಮ ಗದ್ಗದಿತರಾದರು. “ಸಿಹಿಯ ಆಸೆ ಎಂಬ ಶೋಧನೆಯಿಂದ ಅವನನ್ನ ತಪ್ಪಿಸು.”

“ಬಸ್ ಸ್ಟ್ಯಾಂಡ್ ಎದುರಿನ ಸ್ವೀಟ್ ಅಂಗಡಿಗೂ ಬಂದಿದ್ದ ತಂದೆಯೇ,” ಎಂದು ಸಮುವೇಲಪ್ಪ ವಿಳಾಸ ಸಮೇತ ಬೇಡಿಕೊಂಡರು. “ಪಾಪ, ಅವನ ನಾಲಿಗೆಗೆ ಕಡಿವಾಣ ಹಾಕು.”

ಜಯವಂತ ಹಲ್ಲು ಕಚ್ಚಿಕೊಂಡು ಆಮೆನ್ ಅಂದ.

ಈಸ್ಟರ್ ಹೊತ್ತಿಗೆ ಎಲ್ಲರ ರಕ್ತ ಪರೀಕ್ಷೆ ಆಯಿತು. ಇಡೀ ಕೂಟದಲ್ಲಿ ಸಕ್ಕರೆ ಇಳಿದದ್ದು ಜಯವಂತನೊಬ್ಬನಿಗೇ. ಒಬ್ಬನಿಗಾದರೂ ಇಳಿಯಿತಲ್ಲ ಎಂದು ಚರ್ಚಿನ ಸಭಾಪಾಲಕರಿಗೆ ಹಿಗ್ಗೋ ಹಿಗ್ಗು.

“ನೋಡಿದ್ಯೇನಪ್ಪಾ, ಅನ್ಯೋನ್ಯತೆಯ ಬಲ ಅಂದ್ರೆ ಇದು,” ಎಂದು ಅವನ ಬೆನ್ನು ತಟ್ಟಿದರು. “ಇವತ್ತಿನ ಪ್ರಾರ್ಥನೆ ನೀನೇ ಮಾಡು. ಇವರೆಲ್ಲ ನಿನಗೆ ಹೇಗೆ ನೆರವಾದ್ರು ಅಂತ ದೇವರ ಮುಂದೆ ಬಿಡಿಸಿ ಹೇಳು.”

ಕರುಣಾಮಣಿಯಮ್ಮ ಸೆರಗು ಹೊದ್ದುಕೊಂಡರು. ಸಮುವೇಲಪ್ಪ ವಿನಯದಿಂದ ತಲೆ ಬಗ್ಗಿಸಿದರು. ಜಯವಂತ ಕಣ್ಣು ಮುಚ್ಚಿದ.

“ತಂದೆಯೇ, ನಿನಗೆ ಸ್ತೋತ್ರ. ನಾನು ಸಿಹಿ ತಿನ್ನೋಕೆ ಅಂತ ಹೋದ ಕಡೆಯೆಲ್ಲ, ಇವರಲ್ಲಿ ಒಬ್ಬರನ್ನ ಮೊದಲೇ ಒಳಗೆ ತಿನ್ನೋಕೆ ಕೂರಿಸಿ, ನನ್ನನ್ನ ಬಾಗಿಲಿಂದಲೇ ವಾಪಸ್ ಕಳಿಸಿದೆ.”