ಧರೆಪ್ಪನ ಗಂಟು

"ಈ ತಂತಿ ತಗದ್ರ ಗುಂಯ್ ಅನ್ನೋದು ನಿಲ್ತದ್ರಿ ಅವ್ವಾರ. ಕತ್ತರಸ್ಲೇನ್ರಿ?" ಜಮಖಂಡಿಯಿಂದ ಬಂದ ಹುಸೇನಸಾಬ ರೇಡಿಯೋದ ಹಿಂದಿನ ಹಲಗೆ ಬಿಚ್ಚಿಟ್ಟು, ಇಕ್ಕಳ ಹಿಡಿದು ಕೇಳಿದ.

ತಾರವ್ವ ರೇಡಿಯೋದ ಹತ್ತಿರ ಸರಿದಳು. ಆ ತಂತಿ ಸೇರಿಸಿದವನು ಅವಳ ಗಂಡ ಧರೆಪ್ಪ. ಅವನು ತೀರಿಹೋಗಿ ವರ್ಷವಾಗಿತ್ತು, ಅಂದಿನಿಂದ ಆ ಹಲಗೆಯನ್ನು ಯಾರೂ ಬಿಚ್ಚಿರಲಿಲ್ಲ. ಯುದ್ಧದ ಸುದ್ದಿಯ ಹಿಂದೆ ಕೇಳುವ ಆ ಸದ್ದು ಅವಳಿಗೆ, ಕುಣಿಮಗ್ಗದಲ್ಲಿ ಕೂತು ನೇಯುವಾಗ ಅವನು ಗುನುಗುತ್ತಿದ್ದ ಹಾಗೇ ಇರುತ್ತಿತ್ತು. ಮೈದುನ ಬಾಳುವಿಗೆ ಮಾತ್ರ ಸುದ್ದಿ ಸ್ಪಷ್ಟವಾಗಿ ಕೇಳಬೇಕು.

"ಕತ್ತರಸ್ರಿ ಸಾಬ್ರ," ಎಂದ ಬಾಳು. "ನಮ್ಮಣ್ಣಗ ಮಗ್ಗಾ ಬಿಟ್ರ ಏನ್ ಗೊತ್ತಿತ್ತು? ಹರದ ತಂತೀನೂ ನೂಲಿನಂಗ ಗಂಟ್ ಹಾಕಿರ್ತಾನ."

"ನೂಲಿಲೇ ಕಟ್ಯಾರ್ರಿ," ಎಂದು ಹುಸೇನಸಾಬ ನಕ್ಕು ಪೆಟ್ಟಿಗೆಯನ್ನು ಬಾಗಿಲ ಬೆಳಕಿಗೆ ತಿರುಗಿಸಿದ.

ತಾರವ್ವ ಬಗ್ಗಿ ನೋಡಿದಳು. ಧರೆಪ್ಪ ಎಡಚ. ಬನಹಟ್ಟಿಯ ಉಳಿದ ನೇಕಾರರೆಲ್ಲ ಬಲಕ್ಕೆ ಸುತ್ತಿ ಗಂಟು ಹಾಕಿದರೆ ಅವನೊಬ್ಬ ಎಡಕ್ಕೆ ಸುತ್ತುತ್ತಿದ್ದ. ಇದೂ ಎಡಕ್ಕೇ ಸುತ್ತಿದ ಗಂಟು. ಅಕ್ಕರೆಯಿಂದ ಅದನ್ನು ಮುಟ್ಟಿದಳು. ಬೆರಳಿಗೆ ಕೆಂಪು ಹತ್ತಿತು.

ಇವತ್ತು ಮುಂಜಾನೆ ಅವಳೇ ಬಣ್ಣಕ್ಕೆ ಅದ್ದಿ ಹಿತ್ತಲಲ್ಲಿ ಆರಹಾಕಿದ ನೂಲು ಅದು. ಇನ್ನೂ ಹಸಿಯಾಗಿತ್ತು.

ತಾರವ್ವ ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಹಲಗಿ ಹಚ್ಚಿಬಿಡ್ರಿ ಸಾಬ್ರ," ಎಂದಳು ಮೆಲ್ಲಗೆ. "ಅವರ ಕೆಲಸ ಇನ್ನಾ ಮುಗದಿಲ್ಲ."