ಎಲೆಯೂಟ

ಕ್ಷಯದ ಆಸ್ಪತ್ರೆಯಿಂದ ವನಜಾಕ್ಷಿ ತಮ್ಮನ ಮನೆಗೆ ಮರಳಿದ್ದು ಆರು ತಿಂಗಳ ಮೇಲೆ. ಅಷ್ಟು ದಿನವೂ ಗೋಡೆಗೆ ಮುಖ ಮಾಡಿ ಒಬ್ಬಳೇ ಉಂಡವಳು. ನೋಡಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಹೊಸಿಲು ದಾಟುವ ಮೊದಲೇ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ತಮ್ಮನ ಕೈಗಿಟ್ಟಳು.

"ಪೂರ್ತಿ ವಾಸಿಯಾಗಿದೆ ಕಣೋ. ಇನ್ನು ಯಾರಿಗೂ ಅಂಟಲ್ವಂತೆ."

"ಅದೆಲ್ಲ ಯಾಕಕ್ಕ, ನಮಗೆ ಗೊತ್ತಿಲ್ವಾ? ಬಾ, ಊಟ ಮಾಡು," ಎಂದ ತಮ್ಮ. ಚೀಟಿಯನ್ನು ಬಿಡಿಸಿ ನೋಡಲಿಲ್ಲ.

ಒಳಗೆ ತಮ್ಮನಿಗೆ ತಟ್ಟೆ ಇಟ್ಟಿತ್ತು. ಅವಳಿಗೆ ಮಾತ್ರ ಕುಡಿಬಾಳೆ ಎಲೆ.

"ಇವತ್ತೇನಮ್ಮ ಹಬ್ಬ? ನನ್ನ ತಟ್ಟೇಲೇ ಹಾಕಬಾರದಿತ್ತಾ?" ಎಂದು ತಮ್ಮನ ಹೆಂಡತಿಯನ್ನು ಕೇಳಿದಳು.

ಅವಳ ತಟ್ಟೆಯೆಂದರೆ, ಅಮ್ಮ ಪಾತ್ರೆ ಅಂಗಡಿಯಲ್ಲಿ ನಿಂತು ನಟ್ಟನಡುವೆ ಮಗಳ ಹೆಸರು ಕೊರೆಸಿ ತಂದದ್ದು.

"ನೀವು ಬಂದಿದ್ದೇ ಹಬ್ಬ ಅಕ್ಕ," ಎನ್ನುತ್ತಾ ಆಕೆ ಎಲೆಯ ತುದಿಗೆ ಪಾಯಸ ಬಡಿಸಿದಳು.

ವನಜಾಕ್ಷಿಗೆ ಕಾಯಿಲೆ ನಿಜಕ್ಕೂ ವಾಸಿಯಾದದ್ದು ಈಗಲೇ ಅನ್ನಿಸಿತು. ಒಂದು ಅಗುಳೂ ಬಿಡದೆ ಉಂಡು, "ಎಲೆ ನಾನೇ ಎತ್ತುತೀನಿ ಬಿಡಮ್ಮ," ಎಂದಳು. ಯಾರೂ ಬೇಡವೆನ್ನಲಿಲ್ಲ.

ಎಲೆ ಹಾಕಲು ಹಿತ್ತಲಿಗೆ ಹೋದರೆ, ಬಚ್ಚಲ ಪಕ್ಕದಲ್ಲಿ ಮನೆಯ ನಾಯಿ ಹಾಲನ್ನ ತಿನ್ನುತ್ತಿತ್ತು. ಅವಳ ಗುರುತು ಹತ್ತಿ ಬಾಲ ಅಲ್ಲಾಡಿಸಿತು. "ತಿನ್ನಪ್ಪ, ನಿಧಾನಕ್ಕೆ ತಿನ್ನು," ಎಂದು ಅವಳು ಅಲ್ಲೇ ನಿಂತು ನೋಡಿದಳು.

ನಾಯಿ ನೆಕ್ಕುತ್ತಾ ಹೋದಂತೆ ತಟ್ಟೆಯ ನಡುವೆ ಮೊದಲು 'ವ' ಕಂಡಿತು, ಆಮೇಲೆ 'ನ', ಆಮೇಲೆ 'ಜಾ'.